ಅರಿಶಿನ, ಕಾಳುಮೆಣಸಿನ ಕಷಾಯ ಕುಡಿದ ಮೇಲೆ ಟ್ಯಾಕ್ರೋಲಿಮಸ್ ಲೆವೆಲ್ ಡಬಲ್! ಕಸಿ ಆದವರು ಮಸಾಲೆ ತಿನ್ನಬಹುದಾ?

ಸಂಜೆಮಲ್ಲಿಗೆ
ಅಪ್ಪನಿಗೆ ಕಿಡ್ನಿ ಕಸಿ ಆಗಿ ಏಳು ತಿಂಗಳಾಯಿತು. ಎಲ್ಲಾ ಚೆನ್ನಾಗಿಯೇ ಇತ್ತು. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದ ಹಾಗೆ ಕೊಡುವ ಟ್ಯಾಕ್ರೋಲಿಮಸ್ ಮಾತ್ರೆಯ ಲೆವೆಲ್ (ರಕ್ತದಲ್ಲಿನ ಮಟ್ಟ) ಮೂರು ತಿಂಗಳಿಂದ 7ರ ಆಸುಪಾಸಿನಲ್ಲೇ ಇತ್ತು, ಡೋಸ್ ಬದಲಾಗಿಲ್ಲ. ಸೋಮವಾರದ ಪರೀಕ್ಷೆಯಲ್ಲಿ ನೋಡಿದರೆ 14.2. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸೋ ಕ್ರಿಯಾಟಿನಿನ್ (ಏರಿದರೆ ಕೆಟ್ಟದ್ದು) 1.2 ಇದ್ದದ್ದು 1.6. ಕೈ ಬೇರೆ ನಡುಗುತ್ತಿದೆ, ಲೋಟ ಹಿಡಿದರೆ ನೀರು ತುಳುಕುತ್ತದೆ.

ಏನು ಬದಲಾಯಿತು ಅಂತ ತಲೆ ಕೆರೆದುಕೊಂಡು ನೋಡಿದರೆ ಸಿಕ್ಕಿದ್ದು ಒಂದೇ. ನೆಗಡಿ ಅಂತ ಎರಡು ವಾರದಿಂದ ದಿನಕ್ಕೆ ಎರಡು ಸಲ ಅರಿಶಿನ, ಶುಂಠಿ, ಕಾಳುಮೆಣಸು ಕುದಿಸಿದ ಕಷಾಯ ಕುಡಿಯುತ್ತಿದ್ದಾರೆ. ಮಾಡಿಕೊಟ್ಟವಳು ನಾನೇ. ಒಂದು ಲೋಟಕ್ಕೆ ಒಂದು ದೊಡ್ಡ ಚಮಚ ಅರಿಶಿನ, ಇಪ್ಪತ್ತು ಕಾಳುಮೆಣಸು ಕುಟ್ಟಿ ಹಾಕಿದ್ದು. ಬೇಗ ವಾಸಿಯಾಗಲಿ ಅಂತ ಧಾರಾಳವಾಗಿಯೇ ಹಾಕಿದ್ದೆ. ಈಗ ಹೊಟ್ಟೆ ಉರಿಯುತ್ತಿದೆ.

ಆಸ್ಪತ್ರೆಯಿಂದ ಬರುವಾಗ ಕೊಟ್ಟ ಚೀಟಿಯಲ್ಲಿ "ಮಸಾಲೆ ಬೇಡ" ಅಂತ ಒಂದೇ ಸಾಲು ಇದೆ. ಅಲ್ಲಿನ ನರ್ಸ್ ಕೇಳಿದರೆ "ಎಲ್ಲಾ ತಿನ್ನಬಹುದು, ಹದವಾಗಿರಲಿ" ಅಂದಿದ್ದರು. ಯಾವುದನ್ನು ನಂಬೋದು? ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ?

ಎರಡನೇ_ಇನ್ನಿಂಗ್ಸ್
ಕಷಾಯ ಈಗಲೇ ನಿಲ್ಲಿಸಿ. ಕಸಿ ವಿಭಾಗಕ್ಕೆ ಇವತ್ತೇ ಫೋನ್ ಮಾಡಿ, ಮುಂದಿನ ಭೇಟಿವರೆಗೆ ಕಾಯಬೇಡಿ. ಮಾತ್ರೆ ಮಾತ್ರ ನೀವಾಗಿ ಕಡಿಮೆ ಮಾಡಬೇಡಿ. ಕ್ರಿಯಾಟಿನಿನ್ ಏರೋದು ಔಷಧ ಜಾಸ್ತಿಯಾದರೂ ಆಗುತ್ತೆ, ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿದ್ದರೂ ಆಗುತ್ತೆ. ಮನೆಯಲ್ಲಿ ಕೂತು ಯಾವುದು ಅಂತ ಹೇಳೋಕೆ ಆಗಲ್ಲ.

ನನಗೆ ಕಸಿ ಆಗಿ 11 ವರ್ಷ. ಒಂದು ಪ್ರಶ್ನೆ: ಸೋಮವಾರ ರಕ್ತ ಕೊಡುವ ಮೊದಲು ಅಪ್ಪ ಬೆಳಗಿನ ಮಾತ್ರೆ ತಗೊಂಡಿದ್ದರಾ?

ತಾಳ್ಮೆಗೇಡಿ
ಅರಿಶಿನದಿಂದ ಕಿಡ್ನಿ ಹಾಳಾಗುತ್ತಾ? ಸುಮ್ನೆ ಹೆದರಿಸಬೇಡಿ. ಸಾವಿರಾರು ವರ್ಷದಿಂದ ಜನ ತಿನ್ನುತ್ತಿದ್ದಾರೆ.

ಗುಬ್ಬಚ್ಚಿ
@ತಾಳ್ಮೆಗೇಡಿ ಸಾವಿರಾರು ವರ್ಷದಿಂದ ಟ್ಯಾಕ್ರೋಲಿಮಸ್ ಜೊತೆ ತಿನ್ನುತ್ತಿದ್ದರಾ? 😄

ಔಷಧಿಡಬ್ಬ
ಫಾರ್ಮಸಿಸ್ಟ್ ನಾನು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಇಲ್ಲಿ ಅರಿಶಿನ ಕಿಡ್ನಿಯನ್ನು ನೇರವಾಗಿ ಹೊಡೆಯುತ್ತಿದೆ ಅಂತಲ್ಲ. ನುಂಗಿದ ಟ್ಯಾಕ್ರೋಲಿಮಸ್ ಪೂರ್ತಿ ರಕ್ತಕ್ಕೆ ಹೋಗೋದಿಲ್ಲ. ಕರುಳಿನ ಗೋಡೆಯಲ್ಲಿ, ಲಿವರಿನಲ್ಲಿ ಸಿವೈಪಿ3ಎ4 ಅನ್ನೋ ಕಿಣ್ವ ಕೂತಿದೆ. ಅದು ಔಷಧವನ್ನು ದಾರಿಯಲ್ಲೇ ಮುರಿದು ಹಾಕುತ್ತದೆ. ಅದರ ಪಕ್ಕದಲ್ಲೇ ಪಿ-ಗ್ಲೈಕೋಪ್ರೋಟೀನ್ ಅನ್ನೋ ಪಂಪು ಇದೆ, ಒಳಗೆ ನುಗ್ಗಿದ್ದನ್ನು ಎತ್ತಿ ಮತ್ತೆ ಕರುಳಿಗೇ ಎಸೆಯುತ್ತದೆ. ಇವೆರಡರ ಕೈ ತಪ್ಪಿಸಿಕೊಂಡು ರಕ್ತ ಸೇರುವುದು ಸರಾಸರಿ ಕಾಲು ಭಾಗ ಅಷ್ಟೇ. ನಿಮ್ಮ ಡೋಸ್ ಲೆಕ್ಕ ಹಾಕಿರೋದು ಈ ಸೋರಿಕೆಯನ್ನೂ ಸೇರಿಸಿಕೊಂಡೇ. ಈಗ ಯಾವುದೋ ಪದಾರ್ಥ ಆ ಕಿಣ್ವವನ್ನು, ಪಂಪನ್ನು ಸ್ವಲ್ಪ ಮಂಕು ಮಾಡಿತು ಅಂದುಕೊಳ್ಳಿ. ಅದೇ ಮಾತ್ರೆ, ಅದೇ ಡೋಸ್, ರಕ್ತದಲ್ಲಿ ಮಾತ್ರ ಎರಡರಷ್ಟು. ಕಸಿಯವರಿಗೆ ಕೊಡುವ ಸೈಕ್ಲೋಸ್ಪೋರಿನ್, ಸಿರೋಲಿಮಸ್, ಎವೆರೋಲಿಮಸ್ ಎಲ್ಲವೂ ಇದೇ ದಾರಿಯಲ್ಲಿ ಹೋಗುವ ಔಷಧಗಳು.

ಲೆವೆಲ್ ಜಾಸ್ತಿಯಾದರೆ ಕಿಡ್ನಿಗೆ ರಕ್ತ ತರುವ ಸಣ್ಣ ನಾಳಗಳು ಬಿಗಿಯುತ್ತವೆ. ಕ್ರಿಯಾಟಿನಿನ್ ಏರುತ್ತದೆ, ಕೈ ನಡುಗುತ್ತದೆ, ಪೊಟ್ಯಾಸಿಯಂ ಏರುತ್ತದೆ. ಕಿಡ್ನಿ ಕಾಪಾಡಲು ಕೊಟ್ಟ ಔಷಧವೇ ಕಿಡ್ನಿಗೆ ಏಟು.

ಅರಿಶಿನದ ಕೇಸ್ ದಾಖಲಾಗಿದೆ. 2017ರಲ್ಲಿ ಪ್ರಕಟವಾದದ್ದು. ಲಿವರ್ ಕಸಿ ಆದ ರೋಗಿಯೊಬ್ಬರು ದಿನಕ್ಕೆ ಹದಿನೈದು ಚಮಚಕ್ಕೂ ಜಾಸ್ತಿ ಅರಿಶಿನ ತಿಂದು, ಟ್ಯಾಕ್ರೋಲಿಮಸ್ ವಿಷದ ಮಟ್ಟಕ್ಕೆ ಹೋಗಿ ಕಿಡ್ನಿಗೆ ಪೆಟ್ಟಾಯಿತು. ಇಲಿಗಳ ಮೇಲೆ 2012ರಲ್ಲಿ ಒಂದು ಪ್ರಯೋಗ ಆಗಿದೆ. ಚಕ್ಕೋತ, ಶುಂಠಿ, ಅರಿಶಿನ ಮೂರರ ರಸವೂ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಿತು.

ತಾಳ್ಮೆಗೇಡಿ
ಹದಿನೈದು ಚಮಚ ಯಾರ್ರೀ ತಿಂತಾರೆ? ಇನ್ನೊಂದು ಇಲಿ. ನಮ್ಮಪ್ಪ ಇಲಿ ಅಲ್ಲ, ಅವರಪ್ಪನೂ ಅಲ್ಲ. ಒಂದು ಕೇಸ್ ಇಟ್ಟುಕೊಂಡು ಅಡುಗೆಮನೆಗೇ ಬೀಗ ಹಾಕೋದಾ?

ಔಷಧಿಡಬ್ಬ
ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಕೇಳಿದ ಧಾಟಿ ಬಿಟ್ಟರೆ. ಬೀಗ ಬೇಡ ಅಂತಲೇ ನಾನೂ ಹೇಳೋದು. ಪ್ರಮಾಣ ನೋಡಿ. ಅರಿಶಿನ ಪುಡಿಯಲ್ಲಿ ಅದರ ಮುಖ್ಯ ಸತ್ವವಾದ ಕರ್ಕ್ಯುಮಿನ್ ಇರೋದು ನೂರಕ್ಕೆ 3ರಷ್ಟು. ಅಡುಗೆಗೆ ಹಾಕೋ ಚಿಟಿಕೆಯಲ್ಲಿ ಹತ್ತಿಪ್ಪತ್ತು ಮಿಲಿಗ್ರಾಂ ಇದ್ದರೆ ಹೆಚ್ಚು. ಅದೇ 500 ಮಿಲಿಗ್ರಾಂನ 95% ಕರ್ಕ್ಯುಮಿನ್ ಕ್ಯಾಪ್ಸೂಲ್ ಒಂದು ನುಂಗಿದರೆ ಹೆಚ್ಚುಕಡಿಮೆ 15 ಗ್ರಾಂ ಅರಿಶಿನ ತಿಂದ ಹಾಗೆ. ಒಂದೇ ಹೆಸರು, ಆದರೆ ಒಂದೇ ವಸ್ತು ಅಲ್ಲ.

ಸಂಜೆಮಲ್ಲಿಗೆ ಅವರ ದೊಡ್ಡ ಚಮಚ ಎರಡರ ಮಧ್ಯೆ ಬರುತ್ತದೆ. ನನಗೆ ಅದಕ್ಕಿಂತ ಚಿಂತೆ ಆ ಇಪ್ಪತ್ತು ಕಾಳುಮೆಣಸಿನದು. ಇಪ್ಪತ್ತು ಕಾಳು ಅಂದರೆ ಸುಮಾರು 1 ಗ್ರಾಂ. ಮೆಣಸಿನಲ್ಲಿ ಪೈಪರಿನ್ (ಅದಕ್ಕೆ ಖಾರ ಕೊಡೋ ವಸ್ತು) ನೂರಕ್ಕೆ 5 ಅಂತ ಹಿಡಿದರೂ 50 ಮಿಲಿಗ್ರಾಂ ಆಯಿತು. ಮನುಷ್ಯರ ಮೇಲೆ 1998ರಲ್ಲಿ ಮಾಡಿದ ಹೆಸರಾಂತ ಪ್ರಯೋಗ ಇದೆ, ಕೇವಲ 20 ಮಿಲಿಗ್ರಾಂ ಪೈಪರಿನ್ ಜೊತೆ ಕೊಟ್ಟಾಗ ಕರ್ಕ್ಯುಮಿನ್ ರಕ್ತಕ್ಕೆ ಸೇರೋದು 2000% ಜಾಸ್ತಿಯಾಯಿತು. "ಅರಿಶಿನಕ್ಕೆ ಮೆಣಸು ಸೇರಿಸಿ" ಅಂತ ಎಲ್ಲರೂ ಸಾರುವುದು ಇದನ್ನೇ ಹಿಡಿದುಕೊಂಡು. ಆದರೆ ಪೈಪರಿನ್ ಅರಿಶಿನಕ್ಕೆ ಮಾತ್ರ ಬಾಗಿಲು ತೆಗೆಯೋ ಕಾವಲುಗಾರ ಅಲ್ಲ. ಲ್ಯಾಬಿನ ಪರೀಕ್ಷೆಗಳಲ್ಲಿ ಅದು ಮೇಲೆ ಹೇಳಿದ ಕಿಣ್ವವನ್ನೂ ಪಂಪನ್ನೂ ಎರಡನ್ನೂ ತಡೆಯುತ್ತದೆ. ಮಾತ್ರೆಗೂ ಅದೇ ಬಾಗಿಲು.

ನಿಜ, ಪೈಪರಿನ್ ನೀರಿನಲ್ಲಿ ಸರಿಯಾಗಿ ಕರಗೋದಿಲ್ಲ. ಸೋಸಿ ಕುಡಿದರೆ ಕಡಿಮೆ, ತಳದ ಗಸಿ ಸಮೇತ ಕುಡಿದರೆ ಜಾಸ್ತಿ. ಸೋಸಿದ್ದಿರಾ?

ಸಂಜೆಮಲ್ಲಿಗೆ
ಇಲ್ಲ. ಗಸಿಯಲ್ಲೇ ಶಕ್ತಿ ಇರೋದು ಅಂತ ಚಮಚದಲ್ಲಿ ಕೆರೆದು ಕುಡಿಸಿದ್ದೆ. 🤦‍♀️

ಖಾರಪ್ರಿಯ
ಅಯ್ಯೋ ಬಿಡಿ, ಪ್ರೀತಿಯಿಂದ ಮಾಡಿದ್ದು. ನಮ್ಮ ಮನೆಯಲ್ಲೂ ಅಷ್ಟೇ, ನನಗೆ ಕಸಿ ಆದಾಗಿಂದ ಬಂದವರೆಲ್ಲಾ ಒಂದೊಂದು ಡಬ್ಬಿ ಪುಡಿ ತರುತ್ತಾರೆ. ಎಲ್ಲದರ ಮೇಲೂ "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ" ಅಂತ ಬರೆದಿರುತ್ತೆ. ನಾನು ದಿನಾ ಎರಡು ಹೊತ್ತು ಮಾತ್ರೆ ನುಂಗೋದು ಅದೇ ಶಕ್ತಿಯನ್ನು ತಗ್ಗಿಸೋಕೆ ಅಂತ ಹೇಗೆ ಹೇಳೋದು ಅವರಿಗೆ?

ಪ್ರಶ್ನೆಪತ್ರಿಕೆ
ಒಂದು ಗೊಂದಲ. ಮೆಣಸು ಅಂದರೆ ಕಾಳುಮೆಣಸಾ, ಮೆಣಸಿನಕಾಯಿಯಾ? ನಮ್ಮ ಮನೆಯವರಿಗೆ ಯಾರೋ "ಮೆಣಸು ಬಿಡಿ" ಅಂದರು ಅಂತ ಒಂದು ವರ್ಷದಿಂದ ಖಾರದ ಪುಡಿ ಮುಟ್ಟಿಲ್ಲ, ಬದಲಿಗೆ ಎಲ್ಲದಕ್ಕೂ ಕಾಳುಮೆಣಸಿನ ಪುಡಿ ಉದುರಿಸುತ್ತಿದ್ದೇನೆ.

ಔಷಧಿಡಬ್ಬ
ಉಲ್ಟಾ ಆಯಿತಲ್ಲ! ಪೈಪರಿನ್ ಇರೋದು ಕಾಳುಮೆಣಸಿನಲ್ಲಿ. ಮೆಣಸಿನಕಾಯಿಯಲ್ಲಿ ಇರೋದು ಕ್ಯಾಪ್ಸೈಸಿನ್, ಅದು ಬೇರೆ ವಸ್ತು. ಆದರೆ ಈಗ ಗಾಬರಿಯಾಗಿ ನಾಳೆಯಿಂದಲೇ ನಿಲ್ಲಿಸಬೇಡಿ. ಒಂದು ವರ್ಷದಿಂದ ಒಂದೇ ರೀತಿ ತಿನ್ನುತ್ತಿದ್ದು ಲೆವೆಲ್ ಸರಿಯಿದ್ದರೆ, ಡೋಸ್ ಅದಕ್ಕೇ ಹೊಂದಿಕೊಂಡಿದೆ. ಬದಲಾಯಿಸೋದಿದ್ದರೆ ಡಾಕ್ಟರಿಗೆ ಹೇಳಿ, ಮುಂದಿನ ಪರೀಕ್ಷೆ ನೋಡಿಕೊಂಡು ಮಾಡಿ.

ಖಾರಪ್ರಿಯ
ಖಾರದ ವಿಷಯ ಬಂತಲ್ಲ, ನನ್ನದೊಂದು ಕಥೆ. ಮೈಕೋಫಿನೊಲೇಟ್ (ಕಸಿಯವರ ಇನ್ನೊಂದು ಮಾತ್ರೆ) ತಗೊಳ್ಳೋರಿಗೆ ಗೊತ್ತಿರುತ್ತೆ, ಹೊಟ್ಟೆ ಮೊದಲೇ ಸೂಕ್ಷ್ಮ. ಕಸಿ ಆದ ಎರಡನೇ ವರ್ಷ ಒಂದು ಸಮಾರಂಭದಲ್ಲಿ ಬಾಯಿ ಚಪಲಕ್ಕೆ ಸಿಕ್ಕಾಪಟ್ಟೆ ಖಾರ ತಿಂದೆ. ನಾಲ್ಕು ದಿನ ಭೇದಿ. ನಾನು ಅಂದುಕೊಂಡೆ, ಮಾತ್ರೆ ಎಲ್ಲಾ ಹೊರಗೆ ಹೋಗಿರುತ್ತೆ, ಲೆವೆಲ್ ಇಳಿದಿರುತ್ತೆ ಅಂತ. ಒಂದು ಹೆಚ್ಚಿಗೆ ನುಂಗೋಣವಾ ಅಂತಲೂ ಕೈ ಹೋಗಿತ್ತು. ಪುಣ್ಯಕ್ಕೆ ಫೋನ್ ಮಾಡಿದೆ. ಪರೀಕ್ಷೆ ಮಾಡಿದರೆ ಲೆವೆಲ್ 18. ಏರಿತ್ತು!

ಎರಡನೇ_ಇನ್ನಿಂಗ್ಸ್
ಇದು ಬಹಳ ಜನಕ್ಕೆ ಗೊತ್ತಿಲ್ಲ. ಭೇದಿಯಾದಾಗ ಕರುಳಿನ ಗೋಡೆಯೇ ಕೆಟ್ಟಿರುತ್ತೆ, ಅಲ್ಲಿನ ಕಿಣ್ವ, ಪಂಪು ಕೆಲಸ ಮಾಡಲ್ಲ. ಟ್ಯಾಕ್ರೋಲಿಮಸ್ ಸಲೀಸಾಗಿ ಒಳಗೆ ಹೋಗಿಬಿಡುತ್ತೆ. ಸಂಜೆಮಲ್ಲಿಗೆ, ಅಪ್ಪನಿಗೆ ಭೇದಿ ಏನಾದರೂ ಇತ್ತಾ? ನೆಗಡಿಗೆ ಬೇರೆ ಮಾತ್ರೆ ಕೊಟ್ಟರಾ? ಕ್ಲಾರಿಥ್ರೋಮೈಸಿನ್ ಥರದ ಆಂಟಿಬಯಾಟಿಕ್, ಫ್ಲುಕೊನಜೋಲ್ ಥರದ ಫಂಗಸ್ ಔಷಧ ಕೂಡ ಲೆವೆಲ್ ಏರಿಸುತ್ತವೆ, ಯಾವ ಮಸಾಲೆಗಿಂತಲೂ ಜೋರಾಗಿ. ನನ್ನ ಮೊದಲ ಪ್ರಶ್ನೆಗೂ ಉತ್ತರ ಬರಲಿಲ್ಲ.

ಗುಬ್ಬಚ್ಚಿ
ನನ್ನದು ಇನ್ನೂ ನಾಚಿಕೆಗೇಡು. ಚೀಟಿಯಲ್ಲಿ "ಗ್ರೇಪ್‌ಫ್ರೂಟ್ ಬೇಡ" ಅಂತಿತ್ತು. ಮೂರು ವರ್ಷ ದ್ರಾಕ್ಷಿ ತಿನ್ನಲಿಲ್ಲ. ಒಣದ್ರಾಕ್ಷಿ ಕೂಡ ಆರಿಸಿ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದೆ. ಚಕ್ಕೋತ ಮಾತ್ರ ಸಿಕ್ಕಾಗಲೆಲ್ಲಾ ಖುಷಿಯಾಗಿ ತಿಂದೆ.

ಹೃದಯವಂತ
ಹಹಹ! ಗ್ರೇಪ್‌ಫ್ರೂಟ್ ಅಂದರೆ ಚಕ್ಕೋತದ ಮಗು, ಚಕ್ಕೋತ ಕಿತ್ತಳೆ ಕೂಡಿ ಹುಟ್ಟಿದ್ದು. ದ್ರಾಕ್ಷಿಗೂ ಅದಕ್ಕೂ ಹೆಸರು ಬಿಟ್ಟು ಬೇರೆ ನೆಂಟಸ್ತಿಕೆ ಇಲ್ಲ. ಗ್ರೇಪ್‌ಫ್ರೂಟಿನಲ್ಲಿರೋ ಫ್ಯುರಾನೊಕೌಮರಿನ್ ಅನ್ನೋ ರಾಸಾಯನಿಕಗಳೇ ಚಕ್ಕೋತದಲ್ಲೂ ಇರುತ್ತವೆ. ಅವು ಕರುಳಿನ ಕಿಣ್ವವನ್ನು ಕೊಂದೇ ಬಿಡುತ್ತವೆ, ಹೊಸದು ಹುಟ್ಟಲು ಒಂದರಿಂದ ಮೂರು ದಿನ ಬೇಕು. ಹಾಗಾಗಿ "ಬೆಳಗ್ಗೆ ಹಣ್ಣು, ರಾತ್ರಿ ಮಾತ್ರೆ" ಅನ್ನೋ ಉಪಾಯ ನಡೆಯಲ್ಲ.

ಇದು ಗೊತ್ತಾಗಿದ್ದೂ ಆಕಸ್ಮಿಕವಾಗಿ. ರಕ್ತದೊತ್ತಡದ ಔಷಧದ ಮೇಲೆ ಮದ್ಯದ ಪರಿಣಾಮ ನೋಡುವಾಗ, ಮದ್ಯದ ರುಚಿ ಗೊತ್ತಾಗಬಾರದು ಅಂತ ಗ್ರೇಪ್‌ಫ್ರೂಟ್ ರಸದಲ್ಲಿ ಕಲಸಿ ಕೊಟ್ಟಿದ್ದರು. ಔಷಧದ ಮಟ್ಟ ಎಲ್ಲರಲ್ಲೂ ಸಿಕ್ಕಾಪಟ್ಟೆ ಏರಿತು. ಕಳ್ಳ ಸಿಕ್ಕಿದ್ದು ಮದ್ಯದಲ್ಲಲ್ಲ, ರಸದಲ್ಲಿ! 1989ರ ಕೆಲಸ ಅದು.

ಇನ್ನೊಂದು, ನನ್ನಂಥ ಹೃದಯ ಕಸಿಯವರಿಗೆ. ಮೇಲೆ ಎಲ್ಲರೂ ಲೆವೆಲ್ ಏರೋದನ್ನೇ ಮಾತಾಡುತ್ತಿದ್ದೀರಿ. ಇಳಿಯೋದು ಇನ್ನೂ ಭಯ. ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡಮೂಲಿಕೆ ಇದೆ, ಮನಸ್ಸಿನ ಬೇಸರಕ್ಕೆ ಅಂತ ಮಾರುತ್ತಾರೆ. ಅದು ಕಿಣ್ವವನ್ನು ಜಾಸ್ತಿ ಮಾಡುತ್ತೆ. 2000ನೇ ಇಸವಿಯಲ್ಲಿ ಪ್ರಕಟವಾದ ವರದಿಯಲ್ಲಿ ಹೃದಯ ಕಸಿಯಾದ ಇಬ್ಬರಿಗೆ ಅದರಿಂದ ಸೈಕ್ಲೋಸ್ಪೋರಿನ್ ಇಳಿದು, ದೇಹ ಹೃದಯವನ್ನೇ ತಿರಸ್ಕರಿಸಲು ಶುರು ಮಾಡಿತ್ತು. ನಾನು ಕಸಿಯಾದ ಮೇಲೆ ಮಂಕಾಗಿದ್ದಾಗ ನನಗೂ ಒಬ್ಬರು ಅದರ ಡಬ್ಬಿ ತಂದುಕೊಟ್ಟಿದ್ದರು. ತೆರೆಯಲಿಲ್ಲ, ಬದುಕಿದೆ.

ತಾಳ್ಮೆಗೇಡಿ
ಅದು ಮೂಲಿಕೆ, ಮಸಾಲೆ ಅಲ್ಲ. ವಿಷಯ ಬಿಟ್ಟು ಎಲ್ಲೆಲ್ಲೋ ಹೋಗುತ್ತಿದ್ದೀರಿ.

ಹೃದಯವಂತ
ಕಿಣ್ವಕ್ಕೆ ಆ ವ್ಯತ್ಯಾಸ ಗೊತ್ತಾಗಲ್ಲ ಸ್ವಾಮಿ.

ಲಿವರ್_ನಂಟು
ನಾನು ರೋಗಿ ಅಲ್ಲ, ತಮ್ಮನಿಗೆ ಲಿವರ್ ಭಾಗ ಕೊಟ್ಟವಳು. ಸ್ಟೀರಾಯ್ಡ್, ಟ್ಯಾಕ್ರೋಲಿಮಸ್ ಎರಡರಿಂದಲೂ ಅವನಿಗೆ ಸಕ್ಕರೆ ಕಾಯಿಲೆ ಶುರುವಾಯಿತು. ಯಾರೋ ಹೇಳಿದರು ಅಂತ ದಿನಾ ಎರಡು ಚಮಚ ಚಕ್ಕೆ ಪುಡಿ ನೀರಿಗೆ ಕದಡಿ ಕುಡಿಯೋಕೆ ಹಿಡಿದ. ನನಗೆ ಗೊತ್ತಾಗಿದ್ದು ಒಂದೂವರೆ ತಿಂಗಳ ಮೇಲೆ. ಲಿವರ್ ಎಂಜೈಮ್ ಏರಿ ಬಯಾಪ್ಸಿ ಮಾತಿನವರೆಗೂ ಹೋಗಿತ್ತು. ಚಕ್ಕೆ ನಿಲ್ಲಿಸಿದ ಮೇಲೆ ಇಳಿಯಿತು. ಅದರಿಂದಲೇ ಅಂತ ಡಾಕ್ಟರ್ ಖಚಿತವಾಗಿ ಹೇಳಲಿಲ್ಲ, ಆದರೆ ನನಗಂತೂ ಅನುಮಾನ ಹೋಗಿಲ್ಲ.

ಆಮೇಲೆ ತಿಳಿದಿದ್ದು: ಸಾಮಾನ್ಯವಾಗಿ ಸಿಗೋ ದಪ್ಪ ತೊಗಟೆಯ ಕ್ಯಾಸಿಯಾ ಚಕ್ಕೆಯಲ್ಲಿ ಕೌಮರಿನ್ ಇರುತ್ತೆ, ಜಾಸ್ತಿಯಾದರೆ ಲಿವರಿಗೆ ಒಳ್ಳೇದಲ್ಲ. ಯುರೋಪಿನವರು ಹಾಕಿರೋ ಮಿತಿ ದೇಹದ ತೂಕದ ಕೆಜಿಗೆ ದಿನಕ್ಕೆ 0.1 ಮಿಲಿಗ್ರಾಂ. ತೆಳು ಪದರದ ಸಿಲೋನ್ ದಾಲ್ಚಿನ್ನಿಯಲ್ಲಿ ಅದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಒಂದು ಚೂರು ಚಕ್ಕೆ ಅಡುಗೆಗೆ ಬಿದ್ದರೆ ಏನಾಗಲ್ಲ. ಚಮಚಗಟ್ಟಲೆ ಕುಡಿದದ್ದೇ ತಪ್ಪು. ನನ್ನ ಲಿವರ್ ಕಣ್ರೀ ಅದು, ಬೈದು ಹಾಕಿದೆ.

ಗುಬ್ಬಚ್ಚಿ
"ನನ್ನ ಲಿವರ್" 😂 ವಾರಂಟಿ ಕೇಳಿ ಅವನ ಹತ್ರ.

ಔಷಧಿಡಬ್ಬ
ಲಿವರ್ ಮಾತು ಬಂದದ್ದಕ್ಕೆ: ಅರಿಶಿನದ ಕ್ಯಾಪ್ಸೂಲುಗಳಿಂದ ಲಿವರಿಗೇ ನೇರ ಪೆಟ್ಟಾದ ಕೇಸುಗಳೂ ಇವೆ, ಕಸಿ ಆಗದವರಲ್ಲೂ. ಅಮೆರಿಕದ ಒಂದು ತಂಡ ಅಂಥ 10 ಜನರ ವಿವರ ಕೊಟ್ಟಿದೆ, ಹೆಚ್ಚಿನವರಲ್ಲಿ ಒಂದೇ ಬಗೆಯ ಜೀನ್ ಕಂಡಿತ್ತು. ಕಿಡ್ನಿಯವರಿಗೆ ಇನ್ನೊಂದು: ಅರಿಶಿನದಲ್ಲಿ ಆಕ್ಸಲೇಟ್ (ಕಿಡ್ನಿಯಲ್ಲಿ ಕಲ್ಲಾಗಬಲ್ಲ ವಸ್ತು) ಜಾಸ್ತಿ. ದಿನಾ ಗ್ರಾಂಗಟ್ಟಲೆ ತಿಂದರೆ ಮೂತ್ರದಲ್ಲಿ ಆಕ್ಸಲೇಟ್ ಏರುತ್ತದೆ.

ಜ್ಯೇಷ್ಠಮಧು ಹಾಕಿದ ಕೆಮ್ಮಿನ ಪುಡಿ, ಕಷಾಯ ಬೇಡವೇ ಬೇಡ. ಅದು ಸ್ಟೀರಾಯ್ಡ್ ಪ್ರಭಾವ ಹೆಚ್ಚಿಸುತ್ತೆ, ರಕ್ತದೊತ್ತಡ ಏರಿಸುತ್ತೆ. ಆಮೇಲೆ "ಕಡಿಮೆ ಸೋಡಿಯಂ ಉಪ್ಪು". ಒಳ್ಳೇದು ಅಂತ ತರಬೇಡಿ, ಅದರಲ್ಲಿರೋದು ಪೊಟ್ಯಾಸಿಯಂ ಕ್ಲೋರೈಡ್. ಟ್ಯಾಕ್ರೋಲಿಮಸ್ ಮೊದಲೇ ಪೊಟ್ಯಾಸಿಯಂ ಹಿಡಿದಿಟ್ಟುಕೊಳ್ಳುತ್ತೆ.

ಪ್ರಶ್ನೆಪತ್ರಿಕೆ
ಬೆಳ್ಳುಳ್ಳಿ? ಜೀರಿಗೆ? ಕೊತ್ತಂಬರಿ?

ಎರಡನೇ_ಇನ್ನಿಂಗ್ಸ್
ಅಡುಗೆಯಷ್ಟು ಪ್ರಮಾಣಕ್ಕೆ ನಾನು 11 ವರ್ಷದಿಂದ ಎಲ್ಲಾ ತಿನ್ನುತ್ತಿದ್ದೇನೆ. ಬೆಳ್ಳುಳ್ಳಿ ಕ್ಯಾಪ್ಸೂಲ್ ಮಾತ್ರ ಮುಟ್ಟಲ್ಲ, ರಕ್ತ ತೆಳು ಮಾಡುತ್ತೆ ಅಂತ ಬಯಾಪ್ಸಿ ಮುಂಚೆ ಕೇಳಿಯೇ ಕೇಳುತ್ತಾರೆ.

"ಮಸಾಲೆ ಬೇಡ" ಅನ್ನೋ ಒಂದು ಸಾಲಿನ ಚೀಟಿ ನನಗೂ ಕೊಟ್ಟಿದ್ದರು. ಆ ಸಾಲಿನಿಂದ ಆದ ಅನಾಹುತ ಹೇಳ್ತೀನಿ. ಮೊದಲ ಮೂರು ತಿಂಗಳು ಸಪ್ಪೆ ಊಟ. ನಾಲಿಗೆ ಸತ್ತುಹೋಗಿತ್ತು. ಆಮೇಲೆ ಒಂದು ವಾರ ಎಲ್ಲಾ ತಿನ್ನೋದು, ಭಯವಾಗಿ ಮತ್ತೆ ಹತ್ತು ದಿನ ಸಪ್ಪೆ. ಲೆವೆಲ್ 5, 11, 6, 10 ಅಂತ ಉಯ್ಯಾಲೆ ಆಡಿತು. ಪ್ರತಿ ಸಲ ಡೋಸ್ ಬದಲಾವಣೆ. ಕೊನೆಗೆ ಒಬ್ಬ ಹಿರಿಯ ಡಾಕ್ಟರ್ ಕೂರಿಸಿಕೊಂಡು ಹೇಳಿದರು, "ನೀನು ಮುಂದಿನ ಇಪ್ಪತ್ತು ವರ್ಷ ಹೇಗೆ ತಿನ್ನುತ್ತೀಯೋ ಹಾಗೆ ಈಗಿಂದಲೇ ತಿನ್ನು. ನಾನು ಡೋಸನ್ನು ಅದಕ್ಕೆ ಕೂರಿಸುತ್ತೇನೆ." ಅಂದಿನಿಂದ ಲೆವೆಲ್ ನಿಂತಿದೆ. ಹೀಗೆ ಏರಿಳಿಯೋದೇ ಕಸಿ ಅಂಗದ ಆಯಸ್ಸಿಗೆ ಕೆಟ್ಟದ್ದು ಅಂತ ಈಗ ಅಧ್ಯಯನಗಳೂ ಹೇಳುತ್ತವೆ. ಮಾತ್ರೆಯನ್ನೂ ಹಾಗೆಯೇ: ಊಟಕ್ಕೆ ಒಂದು ಗಂಟೆ ಮೊದಲು ಅಂದರೆ ದಿನಾ ಒಂದು ಗಂಟೆ ಮೊದಲು.

ಲಿವರ್_ನಂಟು
ಒಂದು ವಿಷಯ ಬಿಟ್ಟಿರಿ. ಕಸಿ ಆದ ಹೊಸತರಲ್ಲಿ "ಮಸಾಲೆ ಬೇಡ" ಅನ್ನೋಕೆ ಇನ್ನೊಂದು ಕಾರಣ ರೋಗಾಣು. ಪುಡಿಗಳಲ್ಲಿ ಸಾಲ್ಮೊನೆಲ್ಲಾ, ಬೂಷ್ಟು ಇರಬಹುದು. ಅಮೆರಿಕಕ್ಕೆ ಆಮದಾಗೋ ಮಸಾಲೆಗಳನ್ನು ಪರೀಕ್ಷಿಸಿದಾಗ ನೂರರಲ್ಲಿ ಸುಮಾರು 7 ಸರಕಿನಲ್ಲಿ ಸಾಲ್ಮೊನೆಲ್ಲಾ ಸಿಕ್ಕಿತ್ತು ಅಂತ ಅಲ್ಲಿನ ಇಲಾಖೆ 2013ರಲ್ಲಿ ಹೇಳಿತ್ತು. ಹಾಗಾಗಿ ತಟ್ಟೆಗೆ ಬಡಿಸಿದ ಮೇಲೆ ಬೇಯಿಸದ ಕಾಳುಮೆಣಸಿನ ಪುಡಿ ಉದುರಿಸೋದು ಬೇಡ, ಕುದಿಯುವಾಗಲೇ ಹಾಕಿ ಬೇಯಿಸಿ. ಇದನ್ನು ಚೀಟಿಯಲ್ಲಿ ಇನ್ನೆರಡು ಸಾಲು ಬರೆದಿದ್ದರೆ ಎಷ್ಟು ಜನರ ಗೊಂದಲ ತಪ್ಪುತ್ತಿತ್ತು!

ಪ್ರಶ್ನೆಪತ್ರಿಕೆ
ಅಂದರೆ ನಾನು ಉದುರಿಸುತ್ತಿದ್ದದ್ದು ಎರಡು ಬಗೆಯಲ್ಲೂ ತಪ್ಪು. ಭೇಷ್.

ಸಂಜೆಮಲ್ಲಿಗೆ
ಎಲ್ಲರಿಗೂ ಧನ್ಯವಾದ. ನಿನ್ನೆಯೇ ಫೋನ್ ಮಾಡಿದೆ. ಕಷಾಯ ನಿಲ್ಲಿಸಿ, ಡೋಸ್ ಹಾಗೇ ಇರಲಿ, ಶುಕ್ರವಾರ ಮತ್ತೆ ರಕ್ತ ಕೊಡಿ ಅಂದರು. ಭೇದಿ ಇರಲಿಲ್ಲ, ಆಂಟಿಬಯಾಟಿಕ್ ಕೊಟ್ಟಿಲ್ಲ.

@ಎರಡನೇ_ಇನ್ನಿಂಗ್ಸ್ ಮಾತ್ರೆ ವಿಷಯ ಅಪ್ಪನಿಗೆ ಇವತ್ತು ಕೇಳಿದೆ. ಮೊದಲು "ತಗೊಂಡಿಲ್ಲ" ಅಂದರು. ಆಮೇಲೆ ಮಾತ್ರೆ ಡಬ್ಬಿಯ ಸೋಮವಾರದ ಮನೆ ತೋರಿಸಿ ಕೇಳಿದೆ. ಅಲಾರಂ ಹೊಡೆಯಿತಂತೆ, ಅಭ್ಯಾಸಬಲದಿಂದ ನುಂಗಿದರಂತೆ. ಲ್ಯಾಬಿನವಳು ಬೈತಾಳೆ ಅಂತ ಹೇಳಲಿಲ್ಲವಂತೆ!

ಎರಡನೇ_ಇನ್ನಿಂಗ್ಸ್
ಅದಕ್ಕೇ ಕೇಳಿದ್ದು. ಹಿಂದಿನ ಡೋಸ್ ಆಗಿ ಹನ್ನೆರಡು ಗಂಟೆ ಕಳೆದು, ಮುಂದಿನದು ನುಂಗುವ ಮೊದಲು ತೆಗೆದ ರಕ್ತಕ್ಕೆ ಮಾತ್ರ ಆ 5, 7, 10ರ ಲೆಕ್ಕ ಹೊಂದುತ್ತೆ. ಮಾತ್ರೆ ನುಂಗಿ ಒಂದೆರಡು ಗಂಟೆಯಲ್ಲಿ ತೆಗೆದರೆ 14 ಏನು, 20 ಕೂಡ ಬರಬಹುದು. ಇದನ್ನೂ ಫೋನ್ ಮಾಡಿ ಹೇಳಿ, ಈಗಲೇ.

ತಾಳ್ಮೆಗೇಡಿ
ನೋಡಿದ್ರಾ! ಅರಿಶಿನದ್ದು ಏನೂ ಇಲ್ಲ. ನಾನು ಮೊದಲೇ ಹೇಳಿದೆ.

ಔಷಧಿಡಬ್ಬ
ಅಷ್ಟು ಬೇಗ ಗೆಲ್ಲಬೇಡಿ. ಕೈ ನಡುಕ ಆ ಒಂದು ಬೆಳಗ್ಗೆಯದಲ್ಲ. ಕ್ರಿಯಾಟಿನಿನ್ ಕೂಡ ಒಂದು ಮಾತ್ರೆ ನುಂಗಿ ಎರಡು ಗಂಟೆಗೆ 1.6 ಆಗಲ್ಲ. ಶುಕ್ರವಾರ ನೋಡೋಣ.

ಖಾರಪ್ರಿಯ
ಅಲಾರಂ ಹೊಡೆದ ಕೂಡಲೇ ನಿದ್ದೆಗಣ್ಣಲ್ಲಿ ನುಂಗೋ ರೋಗ ನನಗೂ ಇತ್ತು. ಈಗ ಪರೀಕ್ಷೆ ಹಿಂದಿನ ರಾತ್ರಿಯೇ ಮಾತ್ರೆ ಡಬ್ಬಿಯನ್ನು ಚಪ್ಪಲಿ ಒಳಗೆ ಇಡುತ್ತೇನೆ. ಮನೆ ಬಿಡುವಾಗ ಕಾಲಿಗೆ ಸಿಗುತ್ತೆ, ಜೊತೆಗೆ ತಗೊಂಡು ಹೋಗಿ ರಕ್ತ ಕೊಟ್ಟ ಮೇಲೆ ನುಂಗುತ್ತೇನೆ.

ಗುಬ್ಬಚ್ಚಿ
ಚಪ್ಪಲಿ ಒಳಗಾ?! ಮೇಲೆ ಸಾಲ್ಮೊನೆಲ್ಲಾ ಪಾಠ ಆಯ್ತಲ್ಲ ಈಗ ತಾನೇ.

ಖಾರಪ್ರಿಯ
ಡಬ್ಬಿಗೆ ಮುಚ್ಚಳ ಇದೆ ಮೇಡಂ.

ಹೃದಯವಂತ
ಸುಮ್ನೆ ಒಂದು ವಿಷಯ: ಟ್ಯಾಕ್ರೋಲಿಮಸ್ ಬಂದಿದ್ದು ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ, 1984ರಲ್ಲಿ. ಸೈಕ್ಲೋಸ್ಪೋರಿನ್ ನಾರ್ವೆಯ ಮಣ್ಣಿನ ಬೂಷ್ಟಿನಿಂದ. "ನೈಸರ್ಗಿಕವಾದದ್ದು ಏನೂ ಮಾಡಲ್ಲ" ಅನ್ನೋರಿಗೆ ನಾನು ಇದನ್ನೇ ಹೇಳೋದು, ನಮ್ಮ ಮಾತ್ರೆಯೂ ನೈಸರ್ಗಿಕವೇ.

ಸಂಜೆಮಲ್ಲಿಗೆ
ಶುಕ್ರವಾರದ ರಿಪೋರ್ಟ್ ಬಂತು. ಈ ಸಲ ಮಾತ್ರೆ ನನ್ನ ಕೈಚೀಲದಲ್ಲಿತ್ತು, ರಕ್ತ ತೆಗೆದ ಮೇಲೆ ಕೊಟ್ಟೆ. ಲೆವೆಲ್ 9.3. ಕ್ರಿಯಾಟಿನಿನ್ 1.4. ನಡುಕ ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ಕಷಾಯ ನಿಲ್ಲಿಸಿ ನಾಲ್ಕು ದಿನವಷ್ಟೇ ಆಗಿರೋದು, ಇನ್ನೂ ಇಳಿಯಬಹುದು, ಮುಂದಿನ ವಾರ ಮತ್ತೆ ನೋಡೋಣ ಅಂದರು ಡಾಕ್ಟರ್. ಸೋಮವಾರದ 14ರಲ್ಲಿ ಮಾತ್ರೆ ಪಾಲು ಎಷ್ಟು, ಕಷಾಯದ ಪಾಲು ಎಷ್ಟು ಅಂದರೆ, "ಅದನ್ನು ಈಗ ಬಿಡಿಸಿ ಹೇಳೋಕೆ ಆಗಲ್ಲಮ್ಮ" ಅಂದರು. ಅಡುಗೆಗೆ ಹಾಕೋ ಅರಿಶಿನ, ಮೆಣಸು ಎಂದಿನಷ್ಟೇ ಇರಲಿ, ಹೆಚ್ಚೂ ಬೇಡ ಕಮ್ಮಿನೂ ಬೇಡ ಅಂತ ಹೇಳಿದ್ದಾರೆ.

ತಾಳ್ಮೆಗೇಡಿ
ಸರಿ ಸರಿ, ಅರ್ಧ ಒಪ್ಪಿದೆ. ಅರ್ಧ ಮಾತ್ರ. ಅಪ್ಪನಿಗೆ ಹುಷಾರು ಅಂತ ಹೇಳಿ.

ಸಂಜೆಮಲ್ಲಿಗೆ
ಹೇಳಿದೆ. "ನೆಗಡಿ ಇನ್ನೂ ಹೋಗಿಲ್ಲ, ಈಗ ಏನು ಕೊಡ್ತೀಯ" ಅಂತ ಕೇಳುತ್ತಿದ್ದಾರೆ. ಬಿಸಿನೀರು ಕೊಟ್ಟೆ. ಲೋಟದ ತಳ ನೋಡಿ, "ಗಸಿ ಇಲ್ವಾ?" ಅಂದರು.